ಮದ್ದು ಕರಗಬೇಕು, ಕೆಡಬಾರದು

ಔಷಧವೆಂದೊಡನೆಯೇ ನಮ್ಮ ಮನಸ್ಸಿಗೆ ಬರತಕ್ಕದ್ದು ಅದರ ಗುಣ. ಈ ಗುಳಿಗೆ ಜ್ವರಕ್ಕೆ, ಈ ಷರಬತ್ತು ಕೆಮ್ಮಿಗೆ, ಈ ಚೂರ್ಣ ಅಜೀರ್ಣಕ್ಕೆ ಎಂದು ತಿಳಿದುಕೊಂಡರೆ ನಮ್ಮ ಪಾಲಿನ ಕೆಲಸ ಮುಗಿಯಿತೆಂದು ಭಾವಿಸುತ್ತೇವೆ. ಆದರೆ ಗುಣವುಳ್ಳ ವಸ್ತು ಸಿಕ್ಕಿದ ಮಾತ್ರಕ್ಕೆ ಔಷಧ ಸಿದ್ಧವಾಗುವುದಿಲ್ಲ. ಅದು ಹೊಟ್ಟೆಯಲ್ಲಿ ಕರಗಬೇಕು; ಕರಗಿ ರಕ್ತವನ್ನು ಸೇರಬೇಕು. ಕಾರಖಾನೆಯಿಂದ ಹೊರಟು, ಅಂಗಡಿಯ ಕಪಾಟಿನಲ್ಲಿ ಕುಳಿತು, ನಿಮ್ಮ ಮನೆಯ ಗೂಡಿನಲ್ಲಿ ಕಾದಿದ್ದು, ಕೊನೆಗೆ ರೋಗಿಯ ನಾಲಗೆಯನ್ನು ಮುಟ್ಟುವವರೆಗೆ ಅದು ಕೆಡದೆ ಉಳಿಯಬೇಕು. ಕರಗದ ಮದ್ದು ನುಂಗಿದ ಕಲ್ಲಿಗೆ ಸಮಾನ. ಕೆಟ್ಟ ಮದ್ದು ಇಲ್ಲದ ಮದ್ದಿಗಿಂತಲೂ ಕಡೆ. ಈ ಎರಡು ಸಾಮಾನ್ಯ ಮಾತುಗಳನ್ನು ಶಾಸ್ತ್ರವಾಗಿ ಕಲಿಯಲು ಮನುಷ್ಯನಿಗೆ ಬಹಳ ಕಾಲ ಹಿಡಿಯಿತು. ಬಹಳ ಪ್ರಾಣಗಳೂ ಹೋದುವು. ಆ ವೃತ್ತಾಂತವನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮ ಹಿರಿಯರಿಗೆ ಈ ವಿಷಯ ತಿಳಿದೇ ಇರಲಿಲ್ಲವೆಂದು ಹೇಳುವಂತಿಲ್ಲ. ಮದ್ದನ್ನು ಯಾವುದರೊಡನೆ ಕೊಡಬೇಕೆಂಬುದಕ್ಕೆ ಆಯುರ್ವೇದದಲ್ಲಿ ಅನುಪಾನವೆಂಬ ಹೆಸರೇ ಉಂಟು. ಜೇನುತುಪ್ಪದಲ್ಲಿ ತೇಯ್ದು ಕೊಡುವ ಮಾತ್ರೆ ಬೇರೆ, ತುಪ್ಪದಲ್ಲಿ ಕಲಸಿ ಕೊಡುವ ಚೂರ್ಣ ಬೇರೆ, ಬಿಸಿನೀರಿನೊಡನೆ ಕೊಡುವುದು ಬೇರೆ. ಶಾರ್ಙ್ಗಧರ ಸಂಹಿತೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾವ ಮದ್ದು ಎಷ್ಟು ಕಾಲ ತನ್ನ ವೀರ್ಯವನ್ನು ಉಳಿಸಿಕೊಳ್ಳುತ್ತದೆ ಎಂಬುದಕ್ಕೆ ಲೆಕ್ಕವನ್ನೇ ಕೊಟ್ಟಿದೆ. ಚೂರ್ಣಕ್ಕೆ 2 ತಿಂಗಳು, ಗುಳಿಗೆಗೂ ಲೇಹ್ಯಕ್ಕೂ 1 ವರ್ಷ. ಆಸವಗಳು ಮಾತ್ರ ಹಳತಾದಷ್ಟೂ ಒಳ್ಳೆಯವು. ಇಂದು ಶೀಷೆಯ ಮೇಲೆ ಅಚ್ಚಾಗಿ ಬರುವ ಅವಧಿಯ ತಾರೀಖು ಈ ಲೆಕ್ಕದ ಮರಿಮಗನೆಂದರೆ ತಪ್ಪಾಗಲಾರದು. ನಮ್ಮ ಮನೆಗಳಲ್ಲಿಯೂ ಬೆಳಿಗ್ಗೆ ಕಾಸಿದ ಕಷಾಯವನ್ನು ಮಾರನೆಯ ದಿನಕ್ಕೆ ಇಡುತ್ತಿರಲಿಲ್ಲ. ಆದರೆ ಇದೆಲ್ಲ ಅನುಭವದಿಂದ ಬಂದ ತಿಳಿವು. ಅಳತೆ ಮಾಡಿ, ಸೂತ್ರ ಕಟ್ಟಿ, ಮುಂದಾಗುವುದನ್ನು ಮೊದಲೇ ಹೇಳುವ ವಿದ್ಯೆ ಹುಟ್ಟಿದ್ದು 19ನೆಯ ಶತಮಾನದ ಕೊನೆಯಲ್ಲಿ.

ಅಡಿಗೆಮನೆಯಿಂದಲೇ ಆರಂಭಿಸೋಣ. ಒಂದು ಲೋಟ ನೀರಿಗೆ ಉಪ್ಪನ್ನು ಹಾಕುತ್ತ, ಕದಡುತ್ತ ಹೋಗಿ. ಚಮಚೆಯ ಮೇಲೆ ಚಮಚೆ ಕರಗುತ್ತದೆ. ಕೊನೆಗೊಮ್ಮೆ ಎಷ್ಟು ಕದಡಿದರೂ ಕರಗದೆ ತಳದಲ್ಲಿ ನಿಲ್ಲುತ್ತದೆ. ಇಷ್ಟು ನೀರಿಗೆ ಇಷ್ಟೇ ಉಪ್ಪು ಎಂಬ ಈ ಮಿತಿಗೆ ದ್ರಾವ್ಯತೆ ಎಂದು ಹೆಸರು. ಉಪ್ಪಿನ ಮಿತಿ 100 ಮಿಲಿಲೀಟರು ನೀರಿಗೆ ಸುಮಾರು 36 ಗ್ರಾಂ. ಸಕ್ಕರೆಯದು ಅದಕ್ಕಿಂತ ಬಹಳ ದೊಡ್ಡದು. ಸುಣ್ಣಕಲ್ಲಿನದು ಇಲ್ಲವೆನ್ನುವಷ್ಟು ಚಿಕ್ಕದು. ಎಷ್ಟು ಕರಗುತ್ತದೆ ಎಂಬುದು ಒಂದು ಪ್ರಶ್ನೆಯಾದರೆ, ಎಷ್ಟು ಬೇಗ ಕರಗುತ್ತದೆ ಎಂಬುದು ಮತ್ತೊಂದು. ಇದನ್ನು 1897ನೆಯ ಇಸವಿಯಲ್ಲಿ ಅಮೆರಿಕದ ಮಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯ ಆರ್ಥರ್ ನಾಯ್ಸ್ ಮತ್ತು ವಿಲ್ಲಿಸ್ ವಿಟ್ನಿ ಎಂಬ ಇಬ್ಬರು ರಸಾಯನಜ್ಞರು ಪರೀಕ್ಷಿಸಿದರು. ನೀರು ತನ್ನ ಮಿತಿಯಿಂದ ಎಷ್ಟು ದೂರದಲ್ಲಿದೆಯೋ ಅಷ್ಟು ವೇಗವಾಗಿ ವಸ್ತು ಕರಗುತ್ತದೆ. ಮಿತಿ ಸಮೀಪಿಸಿದಂತೆಲ್ಲ ವೇಗ ಕುಗ್ಗುತ್ತದೆ ಎಂದು ಅವರು ತೋರಿಸಿದರು. ವಸ್ತುವಿನ ಮೈ ನೀರಿಗೆ ಹೆಚ್ಚು ತೆರೆದಿದ್ದಷ್ಟೂ ಕರಗುವುದು ಬೇಗ ಎಂಬುದನ್ನು ಅವರ ಹಿಂದೆ ಬಂದವರು ಸೂತ್ರದಲ್ಲಿ ಸೇರಿಸಿದರು. ಕಲ್ಲುಸಕ್ಕರೆಗಿಂತ ಪುಡಿಸಕ್ಕರೆ ಬೇಗ ಕರಗುವುದನ್ನು ಕಂಡ ಗೃಹಿಣಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಈ ಸೂತ್ರ ಔಷಧಕ್ಕೂ ಸಲ್ಲುತ್ತದೆಂಬ ಯೋಚನೆ ಔಷಧ ತಯಾರಕರಿಗೆ ಬರಲು ಹತ್ತಿರಹತ್ತಿರ ಅರ್ಧ ಶತಮಾನ ಬೇಕಾಯಿತು. ನಡುವೆ ನಡೆದುಹೋದದ್ದು 1937ನೆಯ ಇಸವಿಯ ಒಂದು ದುರಂತ.

ಸಲ್ಫಾ ಔಷಧಗಳ ಹೆಸರು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಪೆನಿಸಿಲಿನ್ ಬರುವುದಕ್ಕೆ ಮುಂಚೆ ನಂಜೇರಿದ ಗಾಯಕ್ಕೆ, ಬಾಣಂತಿಯ ಜ್ವರಕ್ಕೆ, ಗಂಟಲ ಬೇನೆಗೆ ಅವೇ ದಿವ್ಯೌಷಧಗಳಾಗಿದ್ದುವು. ಜರ್ಮನಿಯ ಎಲ್ಬರ್‌ಫೆಲ್ಡಿನ ಪ್ರಯೋಗಶಾಲೆಯಲ್ಲಿ ಗೆರ್‌ಹಾರ್ಟ್ ಡೋಮಾಕ್ ಎಂಬ ವೈದ್ಯನು ಪ್ರಾಂಟೊಸಿಲ್ ಎಂಬ ಕೆಂಪು ಬಣ್ಣದ ವಸ್ತುವಿನಲ್ಲಿ ರೋಗಾಣುಗಳನ್ನು ತಡೆಯುವ ಶಕ್ತಿಯನ್ನು ಕಂಡು 1935ರಲ್ಲಿ ಪ್ರಕಟಿಸಿದನು. ಅದೇ ವರ್ಷ ಪ್ಯಾರಿಸಿನ ಪಾಸ್ತರ್ ಸಂಸ್ಥೆಯವರು, ಬಣ್ಣಕ್ಕೂ ಗುಣಕ್ಕೂ ಸಂಬಂಧವಿಲ್ಲ, ದೇಹದೊಳಗೆ ಆ ಬಣ್ಣ ಒಡೆದು ಹೊರಬರುವ ಸಲ್ಫಾನಿಲಮೈಡ್ ಎಂಬ ಬಿಳಿಯ ಪುಡಿಯೇ ನಿಜವಾದ ಮದ್ದು ಎಂದು ತೋರಿಸಿಕೊಟ್ಟರು. ಈ ಪುಡಿ ಹೊಸದಲ್ಲ. ಪಾಲ್ ಗೆಲ್ಮೊ ಎಂಬಾತನು 1908ರಲ್ಲಿಯೇ ವಿಯೆನ್ನಾದಲ್ಲಿ ಇದನ್ನು ತಯಾರಿಸಿದ್ದನು. ಆದಕಾರಣ ಯಾರ ಸ್ವಾಮ್ಯದ ಹಂಗೂ ಇಲ್ಲದೆ ಯಾವ ಕಾರಖಾನೆ ಬೇಕಾದರೂ ಅದನ್ನು ಮಾಡಿ ಮಾರಬಹುದಾಗಿತ್ತು. 1936ರ ಕೊನೆಯಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರ ಮಗನು ಗಂಟಲಿನ ನಂಜಿನಿಂದ ಸಾಯುವ ಸ್ಥಿತಿಯಲ್ಲಿದ್ದು ಈ ಜಾತಿಯ ಮದ್ದಿನಿಂದ ಉಳಿದುಕೊಂಡ ಸುದ್ದಿ ವೃತ್ತಪತ್ರಿಕೆಗಳಲ್ಲಿ ಬಂದಿತು. ಅಲ್ಲಿಂದ ಮುಂದೆ ಆ ದೇಶದಲ್ಲಿ ಈ ಗುಳಿಗೆಗೆ ಎಲ್ಲಿಲ್ಲದ ಬೇಡಿಕೆಯಾಯಿತು.

ಗುಳಿಗೆಯೇನೋ ಸರಿ. ಆದರೆ ದಿನಕ್ಕೆ ಹಲವು ಗ್ರಾಂ ನುಂಗಬೇಕಾದ ಮದ್ದು ಅದು. ದೊಡ್ಡವರಿಗೇ ಕಷ್ಟವೆಂದ ಮೇಲೆ ಗಂಟಲು ಬಾತ ಮಗುವಿಗೆ ನುಂಗಿಸುವುದು ಹೇಗೆ? 1937ರ ಜೂನ್ ತಿಂಗಳಲ್ಲಿ, ಟೆನೆಸಿ ಸಂಸ್ಥಾನದ ಬ್ರಿಸ್ಟಲ್ ಊರಿನಲ್ಲಿದ್ದ ಮ್ಯಾಸೆಂಗಿಲ್ ಎಂಬ ಔಷಧ ಕಂಪೆನಿಗೆ ಅದರ ಮಾರಾಟಗಾರರಿಂದ ವರದಿ ಬಂದಿತು: ದಕ್ಷಿಣದ ಸಂಸ್ಥಾನಗಳಲ್ಲಿ ಜನ ಈ ಮದ್ದನ್ನು ಷರಬತ್ತಿನ ರೂಪದಲ್ಲಿ ಕೇಳುತ್ತಿದ್ದಾರೆ. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಕಂಪೆನಿಯ ಮುಖ್ಯ ರಸಾಯನಜ್ಞ ಹೆರಾಲ್ಡ್ ವಾಟ್ಕಿನ್ಸ್ ಕೆಲಸಕ್ಕೆ ತೊಡಗಿದನು.

ಈಗ ಹಿಂದೆ ಹೇಳಿದ ಮಿತಿಯನ್ನು ಜ್ಞಾಪಿಸಿಕೊಳ್ಳಿ. ಸಾಧಾರಣ ಉಷ್ಣತೆಯಲ್ಲಿ 100 ಮಿಲಿಲೀಟರು ನೀರು ಸಲ್ಫಾನಿಲಮೈಡನ್ನು ಕರಗಿಸಿಕೊಳ್ಳುವುದು 1 ಗ್ರಾಮಿಗಿಂತಲೂ ಕಡಮೆ. ವಾಟ್ಕಿನ್ಸನಿಗೆ ಬೇಕಾಗಿದ್ದದ್ದು ಒಂದು ಔನ್ಸಿಗೆ 40 ಗ್ರೇನು, ಎಂದರೆ 100 ಮಿಲಿಲೀಟರಿಗೆ 9 ಗ್ರಾಮಿನ ಹತ್ತಿರ. ನೀರು ಹೊರಬಲ್ಲ ಭಾರಕ್ಕೆ ಹತ್ತು ಪಟ್ಟಿಗೂ ಮಿಕ್ಕು! ಆಲ್ಕೊಹಾಲು ಸ್ವಲ್ಪ ಮೇಲು, ಆದರೂ ಸಾಲದು. ಒಂದಾದ ಮೇಲೊಂದು ದ್ರಾವಕವನ್ನು ನೋಡಿ ಕೊನೆಗೆ ಅವನು ಡೈಎಥಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ಹಿಡಿದನು. ಗ್ಲಿಸರಿನ್ನಿನಂತೆ ಮಂದವಾದದ್ದು, ನಾಲಗೆಗೆ ಸಿಹಿ, ಬೆಲೆಯೂ ಹೆಚ್ಚಲ್ಲ. ಮುಖ್ಯವಾಗಿ ಮದ್ದು ಅದರಲ್ಲಿ ಚೆನ್ನಾಗಿ ಕರಗಿತು. ಕಾರಖಾನೆಗಳಲ್ಲಿ ಬೇರೆ ಬೇರೆ ಉಪಯೋಗಕ್ಕೆ ಬರುವ ವಸ್ತುವದು. ಸುಮಾರು ನೂರಕ್ಕೆ 72 ಭಾಗ ಈ ದ್ರವ, ಮೇಲೆ ನೀರು, ರಾಸ್ಪ್‌ಬೆರಿ ಹಣ್ಣಿನ ಸಾರ, ಸ್ಯಾಕರಿನ್, ಕೆಂಪು ಬಣ್ಣ ಇವನ್ನು ಕೂಡಿಸಿ ಷರಬತ್ತಾಯಿತು. ಕಂಪೆನಿಯ ಪ್ರಯೋಗಶಾಲೆ ಅದನ್ನು ಪರೀಕ್ಷೆಯನ್ನೂ ಮಾಡಿತು. ಏನನ್ನು ಪರೀಕ್ಷಿಸಿತೆಂದರೆ, ನೋಟ ಹೇಗಿದೆ, ರುಚಿ ಹೇಗಿದೆ, ವಾಸನೆ ಹೇಗಿದೆ ಎಂಬುದನ್ನು. ಎಲ್ಲವೂ ತೃಪ್ತಿಕರವಾಗಿದ್ದುವು. ಒಂದು ಇಲಿಗೆ ಒಂದು ಚಮಚೆಯನ್ನು ಕುಡಿಸಿ ನೋಡುವ ಗೊಡವೆಗೆ ಯಾರೂ ಹೋಗಲಿಲ್ಲ. ಹೋಗಬೇಕೆಂದು ಅಂದಿನ ಕಾನೂನೂ ಹೇಳುತ್ತಿರಲಿಲ್ಲ.

ಸೆಪ್ಟೆಂಬರ್ ಮೊದಲಲ್ಲಿ ಎಲಿಕ್ಸಿರ್ ಸಲ್ಫಾನಿಲಮೈಡ್ ಎಂಬ ಹೆಸರಿನಿಂದ 633 ರವಾನೆಗಳು ದೇಶದ ನಾನಾ ಕಡೆಗೆ ಹೋದುವು. ಅಕ್ಟೋಬರ್ 11ರಂದು ಓಕ್ಲಹೋಮದ ಟಲ್ಸಾ ಊರಿನ ವೈದ್ಯರು ಅಮೆರಿಕನ್ ವೈದ್ಯಸಂಘಕ್ಕೆ ಸಮಾಚಾರ ಮುಟ್ಟಿಸಿದರು: ತಮಗೆ ಗೊತ್ತಿಲ್ಲದ ಒಂದು ಸಲ್ಫಾ ಷರಬತ್ತನ್ನು ಕುಡಿದ ರೋಗಿಗಳು ಸಾಯುತ್ತಿದ್ದಾರೆ. ಸಂಘದ ಪ್ರಯೋಗಶಾಲೆಯು ಷರಬತ್ತನ್ನು ಬೇರ್ಪಡಿಸಿ ನೋಡಿ, ಕೊಲ್ಲುತ್ತಿರುವುದು ಮದ್ದಲ್ಲ, ಮದ್ದನ್ನು ಕರಗಿಸಿದ ದ್ರವ ಎಂದು ಸಾರಿತು. ಡೈಎಥಿಲೀನ್ ಗ್ಲೈಕಾಲ್ ದೇಹದೊಳಗೆ ಆಮ್ಲಗಳಾಗಿ ಮಾರ್ಪಟ್ಟು ಮೂತ್ರಪಿಂಡವನ್ನು ಹಾಳುಮಾಡುತ್ತದೆ. ಮೂತ್ರ ಕಟ್ಟುತ್ತದೆ, ಹೊಟ್ಟೆನೋವು, ವಾಂತಿ, ಮಂಪರು, ಸೆಳೆತ. ಒಂದು ವಾರದಿಂದ ಮೂರು ವಾರದವರೆಗೆ ನರಳಿ ಜೀವ ಹೋಗುತ್ತದೆ. ಕುಡಿದವರಲ್ಲಿ ಅನೇಕರು ಗಂಟಲು ನೋವಿನಂಥ ಬೇನೆಗಾಗಿ ಬಂದ ಮಕ್ಕಳು.

ಇದಾದ ಮೇಲೆ ನಡೆದದ್ದು ಒಂದು ದೊಡ್ಡ ಬೇಟೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ತನ್ನ 239 ಮಂದಿ ಪರೀಕ್ಷಕರನ್ನೂ ರಸಾಯನಜ್ಞರನ್ನೂ ಒಟ್ಟಿಗೆ ಈ ಕೆಲಸಕ್ಕೆ ಹಚ್ಚಿತು. ಅವರು ಕಂಪೆನಿಯ ರವಾನೆಯ ಪುಸ್ತಕಗಳನ್ನು ಹಿಡಿದು ಅಂಗಡಿಗಳಿಗೆ ಹೋದರು; ಅಂಗಡಿಯ ಚೀಟಿಗಳನ್ನು ಹಿಡಿದು ವೈದ್ಯರಲ್ಲಿಗೆ, ವೈದ್ಯರ ನೆನಪನ್ನು ಹಿಡಿದು ರೋಗಿಗಳ ಮನೆಗೆ ಹೋದರು. ವಿಳಾಸವಿಲ್ಲದ ಬರಿಯ ಹೆಸರುಗಳು, ಹೆಸರೂ ಇಲ್ಲದ ಚೀಟಿಗಳು. ಔಷಧ ಕೊಂಡು ಬೆಟ್ಟದ ಸೀಮೆಗೆ ಹೋಗಿಬಿಟ್ಟಿದ್ದ ಒಂದು ಸಂಸಾರದ 3 ವರ್ಷದ ಹುಡುಗನನ್ನು ಹುಡುಕಲು ಒಬ್ಬ ವೈದ್ಯನು ತನ್ನ ಮದುವೆಯನ್ನೇ ಮುಂದಕ್ಕೆ ಹಾಕಿ ಸರಕಾರದ ರಸಾಯನಜ್ಞನೊಡನೆ ಹೊರಟನೆಂದು ಆ ಕಾಲದ ವೃತ್ತಾಂತದಲ್ಲಿದೆ. ತಯಾರಾಗಿದ್ದ 240 ಗ್ಯಾಲನ್ನುಗಳಲ್ಲಿ 234 ಗ್ಯಾಲನ್ನು ಹೀಗೆ ಕೈಗೆ ಸಿಕ್ಕಿತು. ಉಳಿದ ಆರು ಗ್ಯಾಲನ್ನಿನ ಹತ್ತಿರದಷ್ಟೇ ಜನರ ಹೊಟ್ಟೆ ಸೇರಿದ್ದು. ಅಷ್ಟಕ್ಕೇ 105 ಜನ ಸತ್ತರು. ಅವರಲ್ಲಿ 34 ಮಕ್ಕಳು. ಆ 234 ಗ್ಯಾಲನ್ನೂ ಮನೆಗಳನ್ನು ಸೇರಿದ್ದರೆ ಏನಾಗುತ್ತಿತ್ತೆಂಬುದನ್ನು ನೀವೇ ಊಹಿಸಿಕೊಳ್ಳಿ.

ನಗು ಬರಿಸುವಂಥ, ಆದರೆ ನಗಲಾಗದಂಥ ಒಂದು ಸಂಗತಿ ಇಲ್ಲಿದೆ. ಸರಕಾರಕ್ಕೆ ಈ ಷರಬತ್ತನ್ನು ವಶಪಡಿಸಿಕೊಳ್ಳಲು ಅಧಿಕಾರ ಬಂದದ್ದು ಅದು ವಿಷವೆಂದಲ್ಲ. ಎಲಿಕ್ಸಿರ್ ಎಂಬ ಮಾತಿಗೆ ಆಲ್ಕೊಹಾಲು ಇರುವ ದ್ರಾವಣವೆಂದು ಅರ್ಥ. ಇದರಲ್ಲಿ ಆಲ್ಕೊಹಾಲು ಇರಲಿಲ್ಲ. ಆದಕಾರಣ ಹೆಸರು ಸುಳ್ಳು ಎಂಬುದೊಂದೇ ಅಪರಾಧ! 1906ರ ಕಾನೂನಿನಲ್ಲಿ ಇದಕ್ಕಿಂತ ಹೆಚ್ಚಿನ ಆಯುಧ ಇರಲಿಲ್ಲ. ಬಾಟಲಿಯ ಮೇಲೆ ದ್ರಾವಣ ಎಂಬ ಮಾತನ್ನು ಅಚ್ಚುಹಾಕಿಸಿದ್ದರೆ ಸರಕಾರ ಕೈಕಟ್ಟಿ ಕುಳಿತಿರಬೇಕಾಗಿತ್ತು. ಕಂಪೆನಿ 26,100 ಡಾಲರು ದಂಡ ತೆತ್ತಿತು. ತನ್ನ ಮೇಲೆ ಹೊಣೆಯೇನೂ ಇಲ್ಲವೆಂದು ಅದರ ಯಜಮಾನ ಹೇಳಿಕೊಂಡನು. ವಾಟ್ಕಿನ್ಸ್ ಮಾತ್ರ ಹಾಗೆ ಹೇಳಿಕೊಳ್ಳಲಾರದೆ ಹೋದನೇನೋ, ಕೆಲವು ಕಾಲದ ಮೇಲೆ ತನ್ನ ಕೈಯಿಂದಲೇ ಪ್ರಾಣ ಕಳೆದುಕೊಂಡನು. ಅವನು ದುಷ್ಟನಾಗಿರಲಿಲ್ಲ. ಅವನು ಕೇಳಿಕೊಂಡದ್ದು ಒಂದೇ ಪ್ರಶ್ನೆ: ಯಾವುದರಲ್ಲಿ ಕರಗುತ್ತದೆ? ಕರಗಿಸುವ ವಸ್ತುವು ಮಗುವಿನ ಹೊಟ್ಟೆಯಲ್ಲಿ ಏನು ಮಾಡುತ್ತದೆ ಎಂಬ ಎರಡನೆಯ ಪ್ರಶ್ನೆಯನ್ನು ಕೇಳಲಿಲ್ಲ. ಆ ದ್ರವವು ಪ್ರಾಣಿಗಳಿಗೆ ಅಪಾಯಕರವೆಂದು ಸೂಚಿಸುವ ಬರಹಗಳು ಆಗಲೇ ಶಾಸ್ತ್ರದ ಪತ್ರಿಕೆಗಳಲ್ಲಿ ಇದ್ದುವು, ಓದುವವರು ಬೇಕಾಗಿದ್ದರು.

ಮಗುವನ್ನು ಕಳೆದುಕೊಂಡ ಟಲ್ಸಾದ ತಾಯಿಯೊಬ್ಬಳು ಅಧ್ಯಕ್ಷ ರೂಸ್‌ವೆಲ್ಟರಿಗೆ ಕಾಗದ ಬರೆದು, ಇಂಥ ಮದ್ದು ಮಾರಾಟವಾಗದಂತೆ ಮಾಡಿರೆಂದು ಬೇಡಿಕೊಂಡಳು. ವರ್ಷಗಟ್ಟಲೆ ಶಾಸನಸಭೆಯಲ್ಲಿ ಬಿದ್ದಿದ್ದ ಮಸೂದೆಗೆ ಈಗ ಜೀವ ಬಂದಿತು. 1938ರ ಜೂನ್ 25ರಂದು ಹೊಸ ಕಾನೂನಿಗೆ ಸಹಿಯಾಯಿತು. ಯಾವ ಹೊಸ ಮದ್ದನ್ನಾದರೂ ಮಾರುವುದಕ್ಕೆ ಮೊದಲು ಅದು ಅಪಾಯಕರವಲ್ಲವೆಂದು ತಯಾರಕನೇ ತೋರಿಸಿಕೊಡಬೇಕು ಎಂದು ಅದು ವಿಧಿಸಿತು. ಈ ಕಥೆಗೆ ಒಂದು ಉಪಕಥೆಯುಂಟು. ಆ ಷರಬತ್ತಿನಲ್ಲಿ ವಿಷ ಯಾವುದೆಂಬುದನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿದ ಷಿಕಾಗೊ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಗೈಲಿಂಗರ ಕೈಕೆಳಗೆ ಫ್ರಾನ್ಸಿಸ್ ಎಂಬ ತರುಣಿ ವಿದ್ಯಾರ್ಥಿನಿಯೊಬ್ಬಳಿದ್ದಳು. ಮುಂದೆ 1960ರಲ್ಲಿ ಅದೇ ಆಡಳಿತದಲ್ಲಿ ಅಧಿಕಾರಿಣಿಯಾಗಿ, ಡಾಕ್ಟರ್ ಫ್ರಾನ್ಸಿಸ್ ಕೆಲ್ಸಿ ಎಂಬ ಹೆಸರಿನಿಂದ, ಥಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆಗೆ ಪರವಾನಗಿ ಕೊಡಲು ಆಕೆ ಒಪ್ಪಲಿಲ್ಲ. ಯೂರೋಪಿನಲ್ಲಿ ಸಾವಿರಾರು ಶಿಶುಗಳು ಕೈಕಾಲುಗಳಿಲ್ಲದೆ ಹುಟ್ಟಿದಾಗ ಆಕೆಯ ಹಟದ ಬೆಲೆ ಜಗತ್ತಿಗೆ ತಿಳಿಯಿತು.

ಸಲ್ಫಾ ಮದ್ದುಗಳು ಕಲಿಸಿದ ಪಾಠ ಇಲ್ಲಿಗೇ ಮುಗಿಯಲಿಲ್ಲ. ಬಾಟಲಿಯಲ್ಲಿ ಕರಗದಿದ್ದರೆ ಒಂದು ತೊಂದರೆ. ದೇಹದೊಳಗೆ ಕರಗಿದ್ದು ಮತ್ತೆ ಗಟ್ಟಿಯಾದರೆ ಇನ್ನೊಂದು. ಈ ಜಾತಿಯ ಹಲವು ಮದ್ದುಗಳು ಮೂತ್ರದಲ್ಲಿ ಹರಳುಗಟ್ಟಿ ದಾರಿಯನ್ನು ಮುಚ್ಚುತ್ತಿದ್ದುವು. ಅದಕ್ಕಾಗಿಯೇ ಅಂದಿನ ವೈದ್ಯರು ಸಲ್ಫಾ ಗುಳಿಗೆಯ ಜೊತೆಗೆ ಸೋಡಾ ಪುಡಿಯನ್ನೂ ಚೊಂಬುಗಟ್ಟಲೆ ನೀರನ್ನೂ ಕುಡಿಸುತ್ತಿದ್ದುದು. 1940ರ ದಶಕದ ನಡುವೆ ಒಂದು ಜಾಣ ಉಪಾಯ ಹೊಳೆಯಿತು. ಒಂದೇ ಲೋಟದ ನೀರು ತನ್ನ ಮಿತಿಯವರೆಗೆ ಉಪ್ಪನ್ನು ಕುಡಿದ ಮೇಲೂ ಸಕ್ಕರೆಗೆ ಜಾಗ ಕೊಡುತ್ತದೆಯಷ್ಟೆ? ಹಾಗೆಯೇ ಒಂದು ಸಲ್ಫಾದ 3 ಪಾಲು ಕೊಡುವ ಬದಲು ಮೂರು ಬಗೆಯ ಸಲ್ಫಾಗಳಲ್ಲಿ ಒಂದೊಂದು ಪಾಲು ಕೊಟ್ಟರೆ ಪ್ರತಿಯೊಂದೂ ತಾನೊಂದೇ ಇದ್ದಂತೆ ಕರಗಿರುತ್ತದೆ. ರೋಗಾಣುವಿನ ಮೇಲೆ ಮಾತ್ರ ಮೂರೂ ಒಟ್ಟಾಗಿ ಕೆಲಸ ಮಾಡುತ್ತವೆ. ಬೇರೆ ಮದ್ದನ್ನು ಕಂಡುಹಿಡಿಯದೆಯೇ, ದ್ರಾವ್ಯತೆಯ ಲೆಕ್ಕವೊಂದರಿಂದಲೇ ಮೂತ್ರಪಿಂಡಗಳನ್ನು ಕಾಪಾಡಿದ ವಿಧಾನವಿದು.

ಇನ್ನು ಎರಡನೆಯ ಮಾತು, ಕೆಡದಿರುವುದು. ಆಸ್ಪಿರಿನ್ನಿನ ಹಳೆಯ ಶೀಷೆಯ ಬಿರಡೆ ತೆಗೆದಾಗ ವಿನಿಗರಿನ ಹುಳಿ ವಾಸನೆ ಬಂದದ್ದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಗಾಳಿಯ ತೇವ ಒಳಹೊಕ್ಕು ಮದ್ದನ್ನು ಒಡೆದು ವಿನಿಗರಿನ ಆಮ್ಲವನ್ನು ಬಿಡಿಸಿದೆಯೆಂದು ಇದರ ಅರ್ಥ. ಪೆನಿಸಿಲಿನ್ನಿನ ಸ್ಥಿತಿ ಇದಕ್ಕಿಂತ ನಾಜೂಕು. 1928ರಲ್ಲಿ ಫ್ಲೆಮಿಂಗ್ ಅದನ್ನು ಕಂಡರೂ ಹನ್ನೆರಡು ವರ್ಷ ಅದು ಮದ್ದಾಗದೆ ಉಳಿದುದಕ್ಕೆ ಒಂದು ದೊಡ್ಡ ಕಾರಣ, ಹಿಡಿಯ ಹೋದರೆ ಅದು ಕೆಟ್ಟುಹೋಗುತ್ತಿದ್ದುದು. ಆಕ್ಸ್‌ಫರ್ಡಿನಲ್ಲಿ ಫ್ಲೋರಿ, ಚೇನ್, ಹೀಟ್ಲಿ ಇವರು ಅದನ್ನು ತಣ್ಣಗಿಟ್ಟು, ಆಮ್ಲಕ್ಷಾರಗಳ ಹದವನ್ನು ಬದಲಾಯಿಸುತ್ತ ಒಂದು ದ್ರವದಿಂದ ಇನ್ನೊಂದಕ್ಕೆ ದಾಟಿಸಿ, ಕೊನೆಗೆ ಹೆಪ್ಪುಗಟ್ಟಿಸಿ ಒಣಗಿಸಿ ಪುಡಿಮಾಡಿದರು. ಒಣಗಿದ ಪೆನಿಸಿಲಿನ್ ಉಳಿಯುತ್ತದೆ. ನೀರಿನಲ್ಲಿ ಕರಗಿದ್ದು ಬೇಗ ಕೆಡುತ್ತದೆ. ಅದೇ ವಂಶದ ಅಮಾಕ್ಸಿಸಿಲಿನ್ ಇಂದಿಗೂ ಮಕ್ಕಳಿಗೆ ಒಣಪುಡಿಯ ಶೀಷೆಯಲ್ಲಿ ಬರುವುದೂ, ಮನೆಯಲ್ಲಿ ನೀರು ಬೆರಸಿದ ಮೇಲೆ ಒಂದೆರಡು ವಾರಕ್ಕಿಂತ ಹೆಚ್ಚು ಇಡಬಾರದೆಂದು ಬರೆದಿರುವುದೂ ಈ ಕಾರಣದಿಂದಲೇ.

ಮದ್ದು 2 ವರ್ಷ ಉಳಿಯುತ್ತದೆಯೇ ಎಂದು ತಿಳಿಯಲು 2 ವರ್ಷ ಕಾಯಬೇಕೆ? ಉಷ್ಣತೆ ಏರಿದಂತೆ ರಾಸಾಯನಿಕ ಕ್ರಿಯೆಯ ವೇಗ ಯಾವ ಲೆಕ್ಕದಲ್ಲಿ ಏರುತ್ತದೆಂಬುದನ್ನು ಸ್ವೀಡನ್ನಿನ ಅರ್ಹೇನಿಯಸ್ 1889ರಲ್ಲಿಯೇ ಹೇಳಿದ್ದನು. ಅದನ್ನು ಹಿಡಿದು, ಮದ್ದನ್ನು ಬೇಕೆಂದೇ ಬಿಸಿಯಲ್ಲಿಟ್ಟು ಬೇಗ ಕೆಡಿಸಿ, ತಂಪಿನಲ್ಲಿ ಎಷ್ಟು ದಿನ ಬಾಳೀತೆಂದು ಎಣಿಸುವ ಪದ್ಧತಿ ಬಂದಿತು. ಇಂದಿನ ಅಂತರರಾಷ್ಟ್ರೀಯ ಕ್ರಮದಲ್ಲಿ ಸಾಮಾನ್ಯ ಮದ್ದನ್ನು 40 ಡಿಗ್ರಿ ಸೆಂಟಿಗ್ರೇಡಿನಲ್ಲಿ, ನೂರಕ್ಕೆ 75ರಷ್ಟು ತೇವವಿರುವ ಗಾಳಿಯಲ್ಲಿ 6 ತಿಂಗಳು ಇಟ್ಟು ನೋಡುತ್ತಾರೆ. ಅದಲ್ಲದೆ ಲೋಕವನ್ನು ಹವೆಯ ಪ್ರಕಾರ ವಲಯಗಳಾಗಿ ವಿಭಾಗಿಸಿ, ಆಯಾ ವಲಯದ ಸಾಧಾರಣ ಹವೆಯಲ್ಲಿ ದೀರ್ಘಕಾಲ ಇಡುವ ಪರೀಕ್ಷೆಯೂ ಉಂಟು. ಲಂಡನ್ನಿನ ಕಪಾಟಿನಲ್ಲಿ ಸುಖವಾಗಿ 3 ವರ್ಷ ಕಳೆಯುವ ಗುಳಿಗೆಯು ಮಂಗಳೂರಿನ ಆಷಾಢದ ಮಳೆಯಲ್ಲಿಯೂ ರಾಯಚೂರಿನ ವೈಶಾಖದ ಬಿಸಿಲಿನಲ್ಲಿಯೂ ಹಾಗೆಯೇ ಇರುತ್ತದೆಂದು ನಂಬುವಂತಿಲ್ಲವಷ್ಟೆ.

ಹೀಗೆ ಹೊಸ ವಸ್ತುವೊಂದು ಕೈಗೆ ಬಂದೊಡನೆ, ಅದಕ್ಕೆ ಗುಳಿಗೆಯ ಅಥವಾ ಷರಬತ್ತಿನ ರೂಪ ಕೊಡುವುದಕ್ಕೆ ಮುಂಚೆಯೇ, ಎಷ್ಟು ಕರಗುತ್ತದೆ, ಯಾವ ಹುಳಿಯಲ್ಲಿ ಕರಗುತ್ತದೆ, ಬಿಸಿಲಿಗೆ ಏನಾಗುತ್ತದೆ, ತೇವಕ್ಕೆ ಏನಾಗುತ್ತದೆ, ಜೊತೆಗೆ ಬೆರಸುವ ಸಕ್ಕರೆ ಹಿಟ್ಟುಗಳೊಡನೆ ಜಗಳವಾಡುತ್ತದೆಯೇ ಎಂದೆಲ್ಲ ವಿಚಾರಿಸುವ ಒಂದು ಪ್ರತ್ಯೇಕ ವಿದ್ಯೆಯೇ ಬೆಳೆಯಿತು. ಅದಕ್ಕೆ ಪ್ರಿಫಾರ್ಮ್ಯುಲೇಷನ್ ಎಂದು ಹೆಸರು. ಹೆಣ್ಣು ಕೊಡುವುದಕ್ಕೆ ಮುಂಚೆ ಮನೆತನ ವಿಚಾರಿಸುವಂತೆ ಎನ್ನಬಹುದು. ವಿಸ್ಕಾನ್ಸಿನ್ನಿನಲ್ಲಿಯೂ 1967ರಿಂದ ಕ್ಯಾನ್ಸಾಸಿನಲ್ಲಿಯೂ ಪ್ರಾಧ್ಯಾಪಕರಾಗಿದ್ದ ಟಕೇರು ಹಿಗುಚಿಯವರು ಈ ವಿದ್ಯೆಗೆ ಭೌತಶಾಸ್ತ್ರದ ತಳಹದಿ ಹಾಕಿಕೊಟ್ಟವರಲ್ಲಿ ಪ್ರಮುಖರು.

ಇಷ್ಟೆಲ್ಲ ವಿಚಾರಿಸಿದ ಮೇಲೂ ಪ್ರಕೃತಿ ಕೆಲವು ಸಲ ಮೋಸಮಾಡುವುದುಂಟು. ಅದೇ ಇಟ್ಟಿಗೆಗಳನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸಿದರೆ ಬೇರೆ ಬೇರೆ ಗೋಡೆಯಾಗುವಂತೆ, ಒಂದೇ ಅಣು ಎರಡು ಮೂರು ಬಗೆಯ ಹರಳಾಗಬಲ್ಲದು. ಒಂದು ಹರಳು ಬೇಗ ಕರಗೀತು, ಇನ್ನೊಂದು ಕರಗಲೊಲ್ಲದು. ವಿಷಮಶೀತ ಜ್ವರಕ್ಕೆ ಕೊಡುತ್ತಿದ್ದ ಕ್ಲೋರಾಂಫೆನಿಕಾಲ್ ಬಹಳ ಕಹಿಯಾದ್ದರಿಂದ ಮಕ್ಕಳಿಗಾಗಿ ಅದನ್ನು ಪಾಲ್ಮಿಟೇಟ್ ಎಂಬ ರೂಪಕ್ಕೆ ಮಾರ್ಪಡಿಸಿ ಷರಬತ್ತಿನಲ್ಲಿ ತೇಲಿಸಿ ಕೊಡುತ್ತಿದ್ದರು. ಅದರ ಒಂದು ಬಗೆಯ ಹರಳನ್ನು ಕುಡಿಸಿದರೆ ರಕ್ತದಲ್ಲಿ ಮದ್ದು ಚೆನ್ನಾಗಿ ಕಾಣಿಸಿಕೊಳ್ಳುತ್ತದೆ, ಇನ್ನೊಂದು ಬಗೆಯದನ್ನು ಕುಡಿಸಿದರೆ ಬಹಳ ಕಡಮೆ ಎಂದು 1967ರಲ್ಲಿ ಪ್ರಕಟವಾಯಿತು. ಬಾಟಲಿ ಒಂದೇ, ತೂಕ ಒಂದೇ, ಮಗುವಿಗೆ ಸಿಕ್ಕುವ ಮದ್ದು ಮಾತ್ರ ಬೇರೆ!

ಇದಕ್ಕಿಂತಲೂ ವಿಚಿತ್ರವಾದದ್ದು 1998ರ ಸಂಗತಿ. ಏಡ್ಸ್ ರೋಗಕ್ಕೆ ಕೊಡುತ್ತಿದ್ದ ರಿಟೊನವಿರ್ ಎಂಬ ಮದ್ದು 1996ರಿಂದ ಮಾರಾಟದಲ್ಲಿತ್ತು. ಎರಡು ವರ್ಷದ ಮೇಲೆ ಇದ್ದಕ್ಕಿದ್ದಂತೆ ಕ್ಯಾಪ್ಸೂಲುಗಳು ಕರಗುವ ಪರೀಕ್ಷೆಯಲ್ಲಿ ಸೋಲತೊಡಗಿದುವು. ನೋಡಿದರೆ, ಹಿಂದೆ ಯಾರೂ ಕಾಣದಿದ್ದ, ಹೆಚ್ಚು ಗಟ್ಟಿಯಾದ, ಬಹಳ ಕಡಮೆ ಕರಗುವ ಹೊಸ ಹರಳೊಂದು ಒಳಗೆ ಹುಟ್ಟಿಕೊಂಡಿತ್ತು. ಹಾಲಿಗೆ ಬಿದ್ದ ಹೆಪ್ಪಿನಂತೆ ಅದರ ಒಂದು ಕಣ ತಗುಲಿದರೆ ಸಾಕು, ಹಳೆಯ ಹರಳು ಹೊಸದಾಗಿ ಮಾರ್ಪಡುತ್ತಿತ್ತು. ಕ್ಯಾಪ್ಸೂಲನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಂಡು, ರೋಗಿಗಳಿಗೆ ಬಾಯಿಗಿಡಲಾರದ ರುಚಿಯ ದ್ರವರೂಪವನ್ನು ಕೊಡಬೇಕಾಯಿತು. 1999ರಲ್ಲಿ ಬೇರೆ ತರಹದ ಕ್ಯಾಪ್ಸೂಲು ಬಂದಿತು; ಅದನ್ನು ತಂಪುಪೆಟ್ಟಿಗೆಯಲ್ಲಿ ಇಡಬೇಕಾಗಿತ್ತು. ಬಿಸಿಯನ್ನು ತಾಳುವ ಗುಳಿಗೆ ಅಮೆರಿಕದಲ್ಲಿ ಪರವಾನಗಿ ಪಡೆದದ್ದು 2010ರಲ್ಲಿ. ಮದ್ದಿನ ಅಣು ಮೊದಲಿನಿಂದ ಕೊನೆಯವರೆಗೆ ಒಂದೇ. ಜೋಡಣೆ ಬೇರೆಯಾಯಿತು, ಅಷ್ಟೆ.

ಇವೆಲ್ಲ ದೂರದ ಕಥೆಗಳೆಂದು ನಾವು ಸುಮ್ಮನಿರುವಂತಿಲ್ಲ. 1937ರ ವಿಷವೇ ನಮ್ಮ ದೇಶದ ಬಾಗಿಲನ್ನು ಪದೇಪದೇ ತಟ್ಟಿದೆ. 1972ರಲ್ಲಿ ಮದ್ರಾಸಿನಲ್ಲಿ ಕಲಬೆರಕೆಯ ಔಷಧದಿಂದ 14 ಮಕ್ಕಳು ಸತ್ತರು. 1986ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಗ್ಲಿಸರಿನ್ನಿನೊಳಗೆ ಸೇರಿದ್ದ ಡೈಎಥಿಲೀನ್ ಗ್ಲೈಕಾಲಿನಿಂದ 14 ರೋಗಿಗಳು ಸತ್ತರು; ನ್ಯಾಯಮೂರ್ತಿ ಲೆಂಟಿನ್ನರ ಆಯೋಗ ಅದರ ವಿಚಾರಣೆ ನಡೆಸಿತು. 2022ರಲ್ಲಿ ಆಫ್ರಿಕದ ಗ್ಯಾಂಬಿಯಾ ದೇಶದಲ್ಲಿ ಸುಮಾರು 70 ಮಕ್ಕಳ ಸಾವಿಗೆ ಸಂಬಂಧಪಟ್ಟಂತೆ ಪರೀಕ್ಷೆಗೊಳಗಾದ ಷರಬತ್ತುಗಳು ಭಾರತದಲ್ಲಿ ತಯಾರಾದುವು. ಇದರ ತರುವಾಯ, ಹೊರದೇಶಕ್ಕೆ ಹೋಗುವ ಕೆಮ್ಮಿನ ಷರಬತ್ತು ಮೊದಲು ಸರಕಾರದ ಪ್ರಯೋಗಶಾಲೆಗಳಲ್ಲಿ ಪರೀಕ್ಷೆಯಾಗಬೇಕೆಂದು 2023ರ ಜೂನ್ 1ರಿಂದ ಕಟ್ಟಳೆಯಾಯಿತು. ಹೊರಗೆ ಹೋಗುವುದಕ್ಕೆ ಕಾವಲಾಯಿತು; ಒಳಗೆ ಉಳಿಯುವುದಕ್ಕೆ? 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಮತ್ತೆ ಅದೇ ವಿಷ, ಮತ್ತೆ ಕೆಮ್ಮಿನ ಷರಬತ್ತು; ಸತ್ತ ಮಕ್ಕಳು 20ಕ್ಕೂ ಹೆಚ್ಚು.

1937ಕ್ಕೂ ಇವಕ್ಕೂ ಒಂದು ವ್ಯತ್ಯಾಸವನ್ನು ನಾವು ಗಮನಿಸಬೇಕು. ವಾಟ್ಕಿನ್ಸನ ಕಾಲದಲ್ಲಿ ಆ ದ್ರವದ ಸ್ವಭಾವ ಬಲ್ಲವರು ವಿರಳ. ಇಂದು ಔಷಧಶಾಸ್ತ್ರದ ಮೊದಲ ತರಗತಿಯ ಹುಡುಗನೂ ಬಲ್ಲ. ಷರಬತ್ತಿಗೆ ಹಾಕುವ ಗ್ಲಿಸರಿನ್ನಿನಲ್ಲಿ, ಪ್ರೊಪಿಲೀನ್ ಗ್ಲೈಕಾಲಿನಲ್ಲಿ ಈ ವಿಷ ಬೆರೆತಿದೆಯೇ ಎಂದು ಪೀಪಾಯಿ ಪೀಪಾಯಿಯನ್ನೂ ಪರೀಕ್ಷಿಸುವ ವಿಧಾನಗಳೂ ಇವೆ. ಇಲ್ಲದಿರುವುದು ವಿದ್ಯೆಯಲ್ಲ. ಮದ್ದೇ ಮುಖ್ಯ, ಅದನ್ನು ಹೊತ್ತು ತರುವ ದ್ರವ ಗೌಣ ಎಂಬ ಹಳೆಯ ಅಸಡ್ಡೆ ಇನ್ನೂ ಹೋಗಿಲ್ಲ. ಅನುಪಾನವೂ ಔಷಧದ ಒಂದು ಅಂಗವೆಂದು ತಿಳಿದಿದ್ದವರ ನಾಡಿನಲ್ಲಿ ಈ ಅಸಡ್ಡೆ ಇರಬಾರದಾಗಿತ್ತು.

ಕಾರಖಾನೆಯ ಪರೀಕ್ಷೆ ನಮ್ಮ ಕೈಯಲ್ಲಿಲ್ಲ. ಆದರೆ ಅಂಗಡಿಯಿಂದ ಮನೆಗೆ ಬಂದ ಮೇಲೆ ಮದ್ದಿನ ಯೋಗಕ್ಷೇಮ ನಿಮ್ಮದು. ಒಲೆಯ ಪಕ್ಕದ ಗೂಡು, ಬಚ್ಚಲಮನೆಯ ಕಪಾಟು, ಬಿಸಿಲು ಬೀಳುವ ಕಿಟಕಿ, ಇವು ಮದ್ದು ಇಡತಕ್ಕ ಜಾಗಗಳಲ್ಲ. ಗುಳಿಗೆಗಳನ್ನು ಅವುಗಳ ಹಾಳೆಯಿಂದ ಮೊದಲೇ ಬಿಡಿಸಿ ಡಬ್ಬಿಯಲ್ಲಿ ತುಂಬಬೇಡಿ. ಆ ಹಾಳೆ ತೇವವನ್ನು ತಡೆಯಲೆಂದೇ ಇದೆ. ಅಲುಗಾಡಿಸಿ ಕೊಡಿರೆಂದು ಬರೆದಿರುವ ಷರಬತ್ತಿನಲ್ಲಿ ಮದ್ದು ಕರಗಿಲ್ಲ, ಬರಿದೆ ತೇಲುತ್ತಿದೆ ಎಂದು ಅರ್ಥ. ಅಲುಗಾಡಿಸದಿದ್ದರೆ ಮೊದಲ ದಿನ ಬರಿಯ ಸಿಹಿನೀರು, ಕೊನೆಯ ದಿನ ಮಿತಿಮೀರಿದ ಮದ್ದು ಮಗುವಿನ ಪಾಲಿಗೆ ಬರುತ್ತದೆ. ಒಣಪುಡಿಯ ಶೀಷೆಗೆ ಕಾಸಿ ಆರಿಸಿದ ನೀರನ್ನು ಗುರುತಿನವರೆಗೆ ಮಾತ್ರ ಹಾಕಿ, ಬೆರಸಿದ ತಾರೀಖನ್ನು ಶೀಷೆಯ ಮೇಲೆ ಬರೆಯಿರಿ. ಹೇಳಿದ ದಿನ ಕಳೆದ ಮೇಲೆ ಮಿಕ್ಕಿದ್ದನ್ನು ಮುಂದಿನ ಜ್ವರಕ್ಕೆಂದು ಎತ್ತಿಡಬೇಡಿ. ವೈದ್ಯರನ್ನು ಕೇಳದೆ ಗುಳಿಗೆಯನ್ನು ಪುಡಿಮಾಡಬೇಡಿ. ನಿಧಾನವಾಗಿ ಕರಗಲೆಂದು ಕಟ್ಟಿದ ಗುಳಿಗೆ ಪುಡಿಯಾದರೆ ದಿನದ ಮದ್ದು ಒಂದೇ ಗಳಿಗೆಯಲ್ಲಿ ರಕ್ತಕ್ಕಿಳಿಯಬಹುದು. ಎಳೆಯ ಮಕ್ಕಳಿಗೆ ವೈದ್ಯರು ಹೇಳದ ಕೆಮ್ಮಿನ ಷರಬತ್ತನ್ನು ಕೊಡಬೇಡಿ. ಮದ್ದು ಕುಡಿದ ಮಗು ವಾಂತಿಮಾಡಿಕೊಂಡು, ಮೂತ್ರ ಕಡಮೆಯಾಗಿ, ಮಂಕಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ; ಹೋಗುವಾಗ ಆ ಶೀಷೆಯನ್ನೂ ಮರೆಯದೆ ತೆಗೆದುಕೊಂಡು ಹೋಗಿ. ಟಲ್ಸಾದ ವೈದ್ಯರು ಹೆಸರನ್ನು ಗುರುತುಹಾಕಿ ಕೂಡಲೇ ತಿಳಿಸಿದ್ದರಿಂದಲೇ ಆ 234 ಗ್ಯಾಲನ್ನು ಯಾರ ಹೊಟ್ಟೆಯನ್ನೂ ಸೇರಲಿಲ್ಲ.